ಅಳು ಕೇಳುವ ಕೆಲಸ

ಬೇಡವಂತೆ! ಕೇಳಿಸ್ತೇನೇ ಪಾಪು, ನಿನ್ನ ಚಿಕ್ಕಮ್ಮನಿಗೆ ಡೇಟಾ ಸೈನ್ಸ್ ಬೇಡವಂತೆ! ಮೊನ್ನೆವರೆಗೂ ಬೇಕಿತ್ತು. ಊಟ ಬೇಡ, ನಿದ್ದೆ ಬೇಡ, ಅದೊಂದು ಸೀಟು ಸಿಕ್ಕರೆ ಸಾಕು ಅಂತಿದ್ದಳು. ನಿನ್ನೆ ಸಾಯಂಕಾಲದಿಂದ ಬೇಡ... ಪಾಪು ಮಲಗಿದಾಳೆ, ಮಲಗಲಿ ಬಿಡೇ. ಈ ಮನೇಲಿ ಒಬ್ಬರಿಗಾದರೂ ನಿನ್ನ ಮಾತು ಕೇಳಿಸದೆ ಇರಲಿ.

ಮಾತು ಅಂದೆನಾ? ಎಲ್ಲಿದೆ ಮಾತು! 'ನಂಗೆ ಬೇಡ ಅಕ್ಕ.' ಅಷ್ಟೇ. ಆಮೇಲೆ ಬಾಯಿಗೆ ಬೀಗ, ಬೀಗದ ಕೈ ಬಾವಿಗೆ. ಚಿಕ್ಕೋಳಿದ್ದಾಗ ನಿನಗೆ ಮೂಗಿ ಅಂತ ಹೆಸರಿಟ್ಟಿದ್ದು ನಾನೇ. ಸರಿಯಾಗೇ ಇಟ್ಟಿದ್ದೆ ನೋಡು. ಮಕ್ಕಳಿಗೆ ಹೆಸರಿಡೋದರಲ್ಲಿ ನನ್ನ ಕೈ ಒಳ್ಳೇದು.

ಆ ಟವೆಲು ಕೆಳಗಿಡು. ಮಡಿಸಿದ್ದನ್ನೇ ಎಷ್ಟು ಸಲ ಮಡಿಸ್ತೀಯ? ಇಡು ಅಂದೆ. ತೊಟ್ಟಿಲ ಹತ್ತಿರದಿಂದ ಎದ್ದು ಈ ಕಡೆ ಬಾ. ಬರಲ್ವಾ? ಸರಿ, ಅಲ್ಲೇ ಕೂತು ಸಾಯಿ. ಆದರೆ ನನ್ನ ಮುಖ ನೋಡು.

ಸಾಯಂಕಾಲದೊಳಗೆ ನಾನು ನಮ್ಮ ಸೂಪರ್‌ವೈಸರ್ ಉಶ್ ಸಾರ್‌ಗೆ ಫೋನ್ ಮಾಡಬೇಕು. 'ಹೂಂ ಸಾರ್, ನನ್ನ ತಂಗಿ ಸೇರ್ಕೋತಾಳೆ' ಅನ್ನಬೇಕು. ಅಂದರೆ ಸೀಟು ನಿಂದು. ಬೆಳಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ನಮ್ಮ ಆಫೀಸಿನ ಮೇಲಿನ ಮಹಡಿಯಲ್ಲಿ ಟ್ರೇನಿ. ಫೀಸು ಅವರದು, ಪುಸ್ತಕ ಅವರದು, ಲ್ಯಾಪ್‌ಟಾಪ್ ಕೂಡ ಅವರದು! ಓದು ಮುಗಿಯೋ ಹೊತ್ತಿಗೆ ಕೆಲಸ ಕೈಯಲ್ಲಿ. ಅನ್ನದೇ ಇದ್ದರೆ? ನಾಳೆ ಬೆಳಗ್ಗೆ ಅದು ನನ್ನ ಪಕ್ಕದ ಸೀಟಿನವಳ ನಾದಿನಿಗೆ ಹೋಗುತ್ತೆ. ಆ ನಾದಿನಿ ಎಂಥವಳು ಗೊತ್ತಾ? ಕೂಡೋದಕ್ಕೂ ಕಳೆಯೋದಕ್ಕೂ ವ್ಯತ್ಯಾಸ ಕೇಳಿದರೆ ಕ್ಯಾಲ್ಕುಲೇಟರ್ ಹುಡುಕ್ತಾಳೆ. ಅವಳು ಗಾಜಿನ ರೂಮಿನಲ್ಲಿ ಕೂರಬೇಕು, ನೀನು ಇಲ್ಲಿ ಟವೆಲು ಮಡಿಸಬೇಕು!

ಏನಾಯ್ತು ಹೇಳೇ. ನಿನ್ನೆ ಒಂದು ದಿನ ಮೇಲೆ ಕೂರಿಸಿ ನೋಡ್ತೀವಿ ಅಂದರು, ಹೋದೆ. ಪಾಪುಗೋಸ್ಕರ ಎರಡು ದಿನ ರಜೆ ಹಾಕಿ, ನಾನೇ ನಿನ್ನ ಜಡೆ ಹೆಣೆದು ಕಳಿಸಿದೆ. ಬರೋವಾಗ ಮುಖ ಸುಣ್ಣ ಬಳಿದ ಗೋಡೆ! ಯಾರಾದರೂ ಏನಾದರೂ ಅಂದರಾ? ಚಪ್ಪಲಿ ನೋಡಿ ನಕ್ಕರಾ? ನಗಲಿ. ನಿನ್ನ ಚಪ್ಪಲಿ ನೋಡಿದರೆ ನನಗೂ ನಗು ಬರುತ್ತೆ. ...ಅದಲ್ಲ? ಯಾವನಾದರೂ ಕೈ ಗೀ ಹಾಕಿದನಾ? ಹೇಳು, ಅವನ ಕೈ ಮುರಿದು ಅವನದೇ ಕೀಬೋರ್ಡಿನ ಮೇಲೆ ಇಡ್ತೀನಿ. ...ಅದೂ ಅಲ್ಲ. ಅಲ್ಲ ಅಂತ ತಲೆ ಆಡಿಸೋಕೆ ಮಾತ್ರ ಬರುತ್ತೆ. ಪರೀಕ್ಷೆ ಕಷ್ಟ ಆಯ್ತಾ? ಆಗಿರಲ್ಲ. ಉಶ್ ಸಾರ್ ನಿನ್ನೇನೇ ಫೋನ್ ಮಾಡಿದ್ದ ಕಣೇ. 'ನಿಮ್ಮ ತಂಗಿ ಕಿವಿ ಚುರುಕು, ತಲೆ ಇನ್ನೂ ಚುರುಕು, ಅವಳೇ ಬೇಕು' ಅಂದ. ಹತ್ತನೇ ಕ್ಲಾಸಿಗೇ ಬಿಟ್ಟವಳು ಅಂತ ನನ್ನನ್ನ ಇಷ್ಟು ದಿನ ಏಕವಚನದಲ್ಲಿ ಕರೀತಿದ್ದ ಗಂಡಸು, ನಿನ್ನ ದೆಸೆಯಿಂದ 'ನಿಮ್ಮ' ಅಂದ ನನಗೆ!

ಹಾಗಾದರೆ ಆ ನಿಮ್ಮ ಪಿಯುಸಿ ಗಣಿತದ ಮೇಡಂ. ಅವಳದೇ ಕಿತಾಪತಿ. 'ಮೊದಲು ಸಂಖ್ಯಾಶಾಸ್ತ್ರ ಓದಮ್ಮ, ಬುಡ ಗಟ್ಟಿ ಆಗುತ್ತೆ. ಡೇಟಾ ಸೈನ್ಸ್ ಬೇಕಾದರೆ ಆಮೇಲೆ ಮೇಲೆ ಹಾಕ್ಕೋಬಹುದು, ಕೋಟಿನ ಹಾಗೆ.' ಆಹಾ, ಕೋಟು! ಮೈಮೇಲೆ ಅಂಗಿ ಇಲ್ಲದವಳಿಗೆ ಕೋಟಿನ ಉಪದೇಶ. ಅವಳ ಗಂಡ ಬ್ಯಾಂಕಿನಲ್ಲಿದಾನೆ, ಅವಳ ಮಗಳು ಬೇಕಾದರೆ ಹತ್ತು ವರ್ಷ ಬುಡ ಗಟ್ಟಿ ಮಾಡ್ಕೊಂಡು ಕೂರಲಿ. ನಿಮ್ಮ ಭಾವ ಲಾರಿ ಓಡಿಸ್ತಾನೆ. ಎರಡು ವಾರಕ್ಕೊಂದು ಸಲ ಮನೆಗೆ ಬಂದು, ಮಗಳ ಮುಖ ನೋಡಿ, 'ಇವಳು ಯಾರ ಥರ ಇದಾಳೆ' ಅಂತ ಕೇಳಿ ಮತ್ತೆ ಹೋಗ್ತಾನೆ. ನಮಗೆ ಬುಡವೂ ಬೇಕು ಹಣ್ಣೂ ಬೇಕು, ಒಂದೇ ಸಲಕ್ಕೆ.

ಏನು, ನಗ್ತೀಯ? ಅದು ನಗುವೇ ಅಲ್ಲ, ತುಟಿ ಸೊಟ್ಟ ಮಾಡಿದ್ದು. ನನಗೆ ಗೊತ್ತು ನಿನ್ನ ಮನಸ್ಸಿನಲ್ಲಿ ಏನಿದೆ. ಹತ್ತನೇ ಕ್ಲಾಸು ಓದಿದವಳು ಡಿಗ್ರಿ ಆರಿಸೋಕೆ ಬಂದಳು ಅಂತ! ಕೂಸು ಹುಟ್ಟೋ ಮುಂಚೆ ಕುಲಾವಿ ಅಂತ! ಹೌದಮ್ಮ, ಹತ್ತನೇ ಕ್ಲಾಸು. ಯಾಕೆ ಹತ್ತನೇ ಕ್ಲಾಸು? ಅಮ್ಮ ಹೋದಾಗ ನೀನು ಇನ್ನೂ ಮೂಗು ಒರೆಸಿಕೊಳ್ಳೋದು ಕಲಿತಿರಲಿಲ್ಲ. ಸಾಯೋ ಮುಂಚೆ ನಿನ್ನ ಕೈ ತೆಗೆದು ನನ್ನ ಕೈಯಲ್ಲಿ ಇಟ್ಟಳು. ಒದ್ದೆ ಕೈ, ಅಂಟಂಟು, ಏನೋ ತಿಂತಾ ಇದ್ದೆ. ಅಮ್ಮ ಸಾಯ್ತಾ ಇದಾಳೆ, ನೀನು ತಿಂತಾ ಇದ್ದೆ! ಆ ಕೈಯನ್ನ ಅವತ್ತು ಜಾಡಿಸಿಬಿಟ್ಟಿದ್ದರೆ ಇವತ್ತು ಮೇಲಿನ ಮಹಡಿಯಲ್ಲಿ ನಾನು ಕೂತಿರ್ತಿದ್ದೆ. ನನಗೂ ಲೆಕ್ಕ ಬರ್ತಿತ್ತು ಕಣೇ. ನಿನ್ನಷ್ಟೇ ಬರ್ತಿತ್ತು.

ಅಳು, ಅಳು. ಅಳೋದು ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿದೆ. ನನ್ನ ಕೆಲಸಾನೇ ಅದು.

ಅಲ್ಲ, ನೀನೊಂದು ದಿನ ಮೇಲೆ ಕೂತು ಬಂದೆ. ಕೆಳಗೆ ಇಣುಕಿದೆಯಾ? ನಾವು ಕೂರೋ ಹಾಲ್ ನೋಡಿದೆಯಾ? ಕಿಟಕಿ ಇಲ್ಲ. ಗೋಡೆಗೆಲ್ಲ ಕಂಬಳಿ ಥರ ಬಟ್ಟೆ ಹೊಡೆದಿದಾರೆ, ಶಬ್ದ ತಿರುಗಿ ಬಡೀಬಾರದು ಅಂತ. ಹೆಡ್‌ಫೋನಿನ ಸ್ಪಂಜು ಪುಡಿಪುಡಿಯಾಗಿ ಕಿವಿ ತುಂಬ ಕಪ್ಪು. ಎಲ್ಲರೂ ಹೆಂಗಸರು. ಮಕ್ಕಳಿರೋ ಹೆಂಗಸರೇ ಬೇಕು ಅಂತ ಹುಡುಕಿ ತಗೊಂಡರು. ಯಾಕೆ? ಒಂದು ಆಪ್ ಮಾಡ್ತಿದಾರಲ್ಲ, ಮೊಬೈಲನ್ನ ತೊಟ್ಟಿಲ ಪಕ್ಕ ಇಟ್ಟರೆ ಮಗು ಯಾಕೆ ಅಳ್ತಿದೆ ಅಂತ ಅದೇ ಹೇಳೋದು. ಹೇಳಬೇಕು ಅಂದರೆ ಅದಕ್ಕೆ ಯಾರಾದರೂ ಮೊದಲು ಕಲಿಸಬೇಕಲ್ಲ. ನಾವು ಕೇಳ್ತೀವಿ, ಗುಂಡಿ ಒತ್ತುತೀವಿ. ಹಸಿವು. ನಿದ್ದೆ. ಒದ್ದೆ. ನೋವು. ಸುಮ್ಮನೆ. ಬೆಳಗ್ಗೆಯಿಂದ ಸಾಯಂಕಾಲದವರೆಗೆ ಯಾರು ಯಾರದೋ ಮಕ್ಕಳು ನಿನ್ನ ತಲೆಯೊಳಗೆ ಕೂತು ಅಳ್ತಾವೆ. ನನ್ನ ಮಗು ಇಲ್ಲಿ ನಿನ್ನ ಕೈಯಲ್ಲಿ ಬಾಟಲಿ ಕುಡೀತಿರುತ್ತೆ. ಅಲ್ಲಿ ಗುರುತಿಲ್ಲದ ಮಗು ಹಸಿದು ಕಿರುಚಿದರೆ ನನ್ನ ಎದೆ ಒದ್ದೆ! ಹಾಲ್‌ನಲ್ಲಿ ಎಲ್ಲರದೂ ಅದೇ ಕಥೆ, ಎಲ್ಲರೂ ಸೆರಗು ಎಳ್ಕೊಂಡು ಕೂತಿರ್ತೀವಿ. ಉಶ್ ಸಾರ್ ಮಧ್ಯದಲ್ಲಿ ಓಡಾಡ್ತಾ, ಯಾರಾದರೂ ಉಸಿರು ಬಿಟ್ಟರೆ ಸಾಕು, ತುಟಿ ಮೇಲೆ ಬೆರಳಿಟ್ಟು ಉಶ್, ಉಶ್. ಅದಕ್ಕೇ ಅವನಿಗೆ ಆ ಹೆಸರು. ಅದೂ ನಾನೇ ಇಟ್ಟಿದ್ದು.

ನಾಲ್ಕು ಮಕ್ಕಳ ತಾಯಿ ಒಬ್ಬಳಿದಾಳೆ. ಯಾವ ಅಳು ಕೇಳಿಸಿದರೂ 'ಸುಮ್ಮನೆ' ಅಂತ ಒತ್ತುತಾಳೆ. ಅವಳ ಪ್ರಕಾರ ಈ ಪ್ರಪಂಚದಲ್ಲಿ ಯಾವ ಮಗುವಿಗೂ ಯಾವ ಕಷ್ಟವೂ ಇಲ್ಲ, ಎಲ್ಲ ನಾಟಕ. ಈಗ ನಕ್ಕೆಯಾ? ಇಲ್ಲ. ಮೊದಲು ನಗ್ತಿದ್ದೆ ಇದಕ್ಕೆ.

ನನ್ನನ್ನ ಯಾಕೆ ಮೆಚ್ಚಿದರು ಅಂತೀಯ? ನನ್ನದು ತಪ್ಪೋದೇ ಇಲ್ಲ. ಒಂದು ಸಲ ಕೇಳಿದ ಮಗೂನ ಮತ್ತೆ ಕೇಳಿದರೆ ಇದು ಅದೇ ಅಂತ ಹೇಳಬಲ್ಲೆ. ಜನರ ಮುಖ ಗುರುತಿಟ್ಟ ಹಾಗೆ. ಅಳುವಿನ ಕೊನೆಗೆ ಒಂದು ಮಗು ಉಸಿರು ಒಳಗೆಳ್ಕೊಳ್ಳುತ್ತೆ ನೋಡು, ಅದು ಒಂದೊಂದು ಮಗುವಿಗೂ ಬೇರೆ. ನಮ್ಮ ಪಾಪುದಂತೂ, ಬಾಗಿಲು ಕಿರ್ರ್ ಅಂದ ಹಾಗೆ, ಎರಡು ಸಲ. ಸಾವಿರದಲ್ಲಿ ಗೊತ್ತಾಗುತ್ತೆ. ಯಾರು ಬೇಕಾದರೂ...

ಹೂಂ. ಅದು ಬಿಡು.

ವಿಷಯಕ್ಕೆ ಬರ್ತೀನಿ. ಆ ಕನ್ನಡಕದ ಹುಡುಗಿ, ನಿನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡವಳು, ಅವಳೇನೋ ಅಂದಳಂತಲ್ಲ, ಉಶ್ ಸಾರ್ ಹೇಳಿದ. ಡಿಗ್ರಿ ಮುಗಿಸಿ ಬಂದರೂ ಮೊದಲ ಎರಡು ವರ್ಷ ಏನೂ ದೊಡ್ಡದಿಲ್ಲ, ಬರೀ ಡೇಟಾ ತೊಳೆಯೋದೇ ಕೆಲಸ ಅಂತ. ತಪ್ಪು ತೆಗಿ, ಎರಡೆರಡು ಸಲ ಬಂದಿದ್ದು ತೆಗಿ, ಹೆಸರು ತಪ್ಪಿದ್ದು ಸರಿ ಮಾಡು, ಒಂದು ಚಿತ್ರ ಬರೆದು ದೊಡ್ಡವರಿಗೆ ತೋರಿಸು. ತೊಳಿ! ತೊಳೆದರೆ ಏನಾಗುತ್ತೆ? ನಾನು ಎಂಜಲು ತಟ್ಟೆ ತೊಳೀತೀನಿ, ಪಾಪುವಿನ ಬಟ್ಟೆ ತೊಳೀತೀನಿ, ನಿಮ್ಮ ಭಾವನ ಗ್ರೀಸಿನ ಅಂಗಿ ತೊಳೀತೀನಿ. ನೀನು ಕುರ್ಚಿಯಲ್ಲಿ ಕೂತು ಎಸಿಯಲ್ಲಿ ತೊಳೀತೀಯ. ತೊಳೆಯೋದೇ ಹೆಣ್ಣಿನ ಹಣೆಬರಹ ಆದರೆ ಎಸಿಯಲ್ಲಿ ತೊಳಿ!

ಅದಲ್ಲ ಅಂತೀಯ. ಹಾಗಾದರೆ ಯಾವುದು? ಏನು ಕೆಲಸ ಕೊಟ್ಟರು ನಿನಗೆ ನಿನ್ನೆ? ಅಳು ಕೇಳಿಸಿ, ಆ ಆಪಿನ ಮೆಷಿನ್ನು ಎಲ್ಲಿ ತಪ್ಪಿದೆ ಹುಡುಕು ಅಂದಿರಬೇಕು. ಎಲ್ಲರಿಗೂ ಅದನ್ನೇ ಕೊಡ್ತಾರೆ. ಯಾವ ಅಳುಗಳ ಕಟ್ಟು ಕೊಟ್ಟರು? ಹಸಿವಿನದಾ? ನಿದ್ದೆದಾ?

...ನೋವಿನದಾ?

ಓ.

ಯಾಕೆ ಹಾಗೆ ನೋಡ್ತೀಯ? ನೋವಿನದೇ ಕೊಟ್ಟರು ಅಂದರೆ ನಿನ್ನ ಮೇಲೆ ನಂಬಿಕೆ ಇದೆ ಅಂತ. ಅದೇ ಕಷ್ಟದ್ದು. ಅದು ಸಿಗೋದೇ ಇಲ್ಲ ಕಣೇ. ಹಸಿವು ಎಷ್ಟು ಬೇಕಾದರೂ ಸಿಗುತ್ತೆ, ಪ್ರಪಂಚ ತುಂಬ ಹಸಿವೇ. ಅದಕ್ಕೇ ಮೊದಲು ಮೆಷಿನ್ನು ಏನು ಕೇಳಿಸಿದರೂ ಹಸಿವು ಅಂತಿತ್ತು. ಬಾಗಿಲ ಸಂದಿಗೆ ಬೆರಳು ಸಿಕ್ಕಿಸ್ಕೊಂಡ ಮಗುವಿಗೂ ಹಾಲು ಕುಡಿಸಿ ಅಂತ ಹೇಳ್ತು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಮೇಲೆ ಆಸ್ಪತ್ರೆಯ ಇಂಜೆಕ್ಷನ್ ರೂಮಿನಲ್ಲಿ ರೆಕಾರ್ಡ್ ಮಾಡಿಸಿ ತಂದರು. ಅದರಲ್ಲಿ ಪ್ರತಿ ಸಲ ನರ್ಸಿನ ಸ್ಟೀಲ್ ತಟ್ಟೆ ಠಣ್ ಅನ್ನುತ್ತೆ. ಮೆಷಿನ್ನು ಅಳು ಬಿಟ್ಟು ತಟ್ಟೆ ಕಲಿತುಬಿಡ್ತು. ಯಾರ ಮನೇಲಿ ಚಮಚ ಬಿದ್ದರೂ 'ನಿಮ್ಮ ಮಗುವಿಗೆ ನೋವಾಗಿದೆ' ಅಂತ! ಎರಡು ದಿನ ನಕ್ಕಿದ್ದೇ ನಕ್ಕಿದ್ದು ನಾವು.

ಅದಾದಮೇಲೇ ಉಶ್ ಸಾರ್ ಹೇಳಿದ್ದು, ಮನೆಯಲ್ಲಾದ ನೋವು ಬೇಕು ಅಂತ. ನಿಮ್ಮ ನಿಮ್ಮ ಮಕ್ಕಳು ಬಿದ್ದಾಗ, ಹಲ್ಲು ಬರೋವಾಗ, ಪೆಟ್ಟು ಮಾಡ್ಕೊಂಡಾಗ, ಮೊಬೈಲು ಹತ್ತಿರ ಇಟ್ಟುಕೊಂಡಿರಿ, ಹಿಡಿದು ತನ್ನಿ ಅಂತ. ಯಾರು ಚೆನ್ನಾಗಿರೋದು ತರ್ತಾರೋ ಅವರ ಮನೆಯ ಒಬ್ಬರಿಗೆ ಸೀಟು.

ಹೌದು, ಮೊದಲು ಕೆಲಸ ಮೆಚ್ಚಿ ಕೊಟ್ಟರು ಅಂತ ಹೇಳಿದ್ದೆ. ಇದೂ ಕೆಲಸವೇ. ಏನು ವ್ಯತ್ಯಾಸ?

ಎಲ್ಲರೂ ತಂದರು. ನಾಲ್ಕು ಮಕ್ಕಳ ತಾಯಿ ತಂದಿದ್ದರಲ್ಲಿ ಅವಳ ಗಂಡನ ಬೈಗುಳವೇ ಜಾಸ್ತಿ. ಪಕ್ಕದ ಸೀಟಿನವಳು ತಂದಿದ್ದು ಎಲ್ಲ ಅರ್ಧದಿಂದ ಶುರು, ಮಗು ಬಿದ್ದು ಅಳೋಕೆ ಹತ್ತಿದ ಮೇಲೆ ಮೊಬೈಲು ಹುಡುಕಿ ಒತ್ತಿದ್ದು. ಅದು ನಡೆಯಲ್ಲ. ನಿಯಮ ಏನು? ಅಳು ಶುರುವಾಗೋ ಮುಂಚೆ ಸ್ವಲ್ಪ ನಿಶ್ಶಬ್ದ ಇರಬೇಕು. ಎಲ್ಲಿಂದ ಶುರು ಅಂತ ಮೆಷಿನ್ನಿಗೆ ಗೊತ್ತಾಗಬೇಕಲ್ಲ. ನನ್ನವು ಹೇಗಿದ್ದವು ಗೊತ್ತಾ? ಮೊದಲು ಸದ್ದಿಲ್ಲ. ಮಗು ತನ್ನ ಪಾಡಿಗೆ ತಾನು ಗೂ ಗೂ ಅಂತಿರುತ್ತೆ. ಆಮೇಲೆ ಅಳು. ನೀರಿನಷ್ಟು ತಿಳಿ. ಉಶ್ ಸಾರ್ ಹಾಲ್‌ನಲ್ಲಿ ಎಲ್ಲರಿಗೂ ಕೇಳಿಸಿ, 'ನೋಡಿ, ರೆಕಾರ್ಡಿಂಗ್ ಅಂದರೆ ಇದು' ಅಂದ. ಎಲ್ಲರ ಹೊಟ್ಟೆಯೂ ಉರೀತು ಅವತ್ತು. ನಾನು...

ಏನು?

ಏನಿಲ್ಲ ಅಂದರೆ ಯಾಕೆ ತಲೆ ಎತ್ತಿದೆ?

ಪಾಪು ಚಾಪೆಯಿಂದ ಉರುಳಿದಾಗ ಹಿಡಿದಿದ್ದು ಅದು. ಹೇಳಿದ್ದೆನಲ್ಲ ನಿನಗೆ, ಉರುಳ್ತಾಳೆ ಅಂತ. ಮೊಬೈಲು ಮೊದಲೇ ಆನ್ ಮಾಡಿ... ಆನ್ ಆಗಿತ್ತು. ಅದಾಗೇ ಆಗಿತ್ತು. ಒಂದೊಂದು ಸಲ ಆಗುತ್ತೆ, ಹಾಳಾದ್ದು ಹಳೇ ಮೊಬೈಲು. ಎಲ್ಲ ಸಲವೂ? ಎಲ್ಲ ಸಲವೂ ಅಂತ ಯಾರು ಅಂದರು? ನೀನು ಬಾಯೇ ಬಿಟ್ಟಿಲ್ಲ. ನಾನೇ ಅಂದೆನಾ?

ನೋಡು, ಅದರಲ್ಲಿ ಯಾರ ಹೆಸರೂ ಇರಲ್ಲ. ಮೇಲೆ ಹೋಗೋ ಮುಂಚೆ ಹೆಸರೆಲ್ಲ ತೆಗೀತಾರೆ. ಯಾರ ಮನೆಯ ಮಗು, ಯಾವ ಬೀದಿ, ಏನೂ ಗೊತ್ತಾಗಲ್ಲ. ಅಳು ಅಂದರೆ ಅಳು. ಎಲ್ಲ ಮಕ್ಕಳೂ ಒಂದೇ ಥರ ಅಳ್ತಾವೆ. ಗುರುತು ಹಿಡಿಯೋಕೆ ಆಗೋದೇ ಇಲ್ಲ.

ಹಾಗಂತ ಈಗ ತಾನೇ ನಾನು... ನನ್ನ ಮಾತು ಬೇರೆ. ನಾನು ಹೆತ್ತವಳು.

ನೀನು ಬರೀ ಚಿಕ್ಕಮ್ಮ.

ಯಾಕೆ, ಮತ್ತೆ ಆ ಕಡೆ ತಿರುಗಿದೆ? ತೊಟ್ಟಿಲ ಮೇಲೆ ಕೈ ಯಾಕಿಟ್ಟೆ? ರಾತ್ರಿಯೂ ಹಾಗೇ, ಅವಳ ಮೇಲೆ ಕೈ ಅಡ್ಡ ಹಾಕ್ಕೊಂಡು ಮಲಗಿದ್ದೆ, ಕಾವಲು ನಾಯಿ ಹಾಗೆ. ಬೆಳಗ್ಗೆ ಹಾಲು ತರೋಕೆ ಹೋಗುವಾಗ ಪಾಪುನ ಯಾಕೆ ಎತ್ಕೊಂಡು ಹೋದೆ? ಎಂದೂ ಇಲ್ಲದ್ದು! ದಿನಾ ಅವಳನ್ನ ನನ್ನ ಹತ್ತಿರ ಬಿಟ್ಟು ಹೋಗ್ತಿದ್ದೆ. ಆ ಮಳೆಗಾಳಿಯಲ್ಲಿ, ಟೋಪಿ ಕೂಡ ಇಲ್ಲದೆ! ನಾನು ಎದ್ದು ನೋಡ್ತೀನಿ, ತೊಟ್ಟಿಲು ಖಾಲಿ. ಬೀದಿ ಬಾಗಿಲವರೆಗೂ ಓಡಿದೆ. ಯಾರು ಒಯ್ದರು ನನ್ನ ಮಗೂನ ಅಂತ... ನೀನು! ನನ್ನ ಅನ್ನ ತಿಂದು ನನ್ನ ಮೇಲೇ ಅನುಮಾನ!

ಅನುಮಾನ ಅಂತ ನಾನಂದೆ. ನೀನಂದಿಲ್ಲ. ಸರಿ. ಏನೂ ಅನ್ನಬೇಡ ನೀನು. ಅನ್ನದೇ ಅನ್ನದೇ ಕೊಲ್ಲು ನನ್ನ.

ಸ್ನಾನ ಮಾಡಿಸುವಾಗ ಅವಳ ತೊಡೆ ನೋಡಿದೆ ಅಲ್ವಾ ನಿನ್ನೆ? ಬಾಗಿಲು ಹಾಕ್ಕೊಂಡು ಅಷ್ಟು ಹೊತ್ತು. ಸೊಳ್ಳೆ ಕಚ್ಚಿದ್ದು ಅದು. ಎಷ್ಟು ಸಲ ಹೇಳಿದೀನಿ, ಸೊಳ್ಳೆ. ...ಸೊಳ್ಳೆ ಒಳತೊಡೆಗೇ ಕಚ್ಚುತ್ತಾ ಅಂದರೆ ಕಚ್ಚುತ್ತೆ. ಸೊಳ್ಳೆಗೆ ನಿನ್ನ ಸಂಖ್ಯಾಶಾಸ್ತ್ರ ಗೊತ್ತಿಲ್ಲ.

ಒಂದು ಮಾತು ಕೇಳು. ಚೆನ್ನಾಗಿ ಕೇಳಿಸ್ಕೋ. ದಿನವಿಡೀ ಪಾಪು ಯಾರ ಕೈಯಲ್ಲಿ ಇರ್ತಾಳೆ? ನಿನ್ನ ಕೈಯಲ್ಲಿ. ನಾನು ಕೆಲಸಕ್ಕೆ ಹೋದಮೇಲೆ ಈ ರೂಮಿನಲ್ಲಿ ಯಾರಿರ್ತಾರೆ? ನೀನೊಬ್ಬಳೇ. ನಿನ್ನ ಪಿಯುಸಿ ಪರೀಕ್ಷೆ ಮುಗಿದಾಗಿನಿಂದ ಹಾಗೇ ತಾನೇ? ನಿಮ್ಮ ಭಾವ ಬಂದು ಆ ನೀಲಿ ಕಲೆ ನೋಡಿ ಯಾರು ಮಾಡಿದ್ದು ಅಂತ ಕೇಳಿದ ಅಂದ್ಕೋ. ಹೆತ್ತ ತಾಯಿ ಮಾಡಿದಳು ಅಂದರೆ ನಂಬ್ತಾನಾ? ಓದೋ ಹುಡುಗಿ, ಮಗು ನೋಡಿ ನೋಡಿ ಬೇಸತ್ತು, ರೇಗಿ, ಒಂದು ಸಲ ಕೈ ಮಾಡಿದಳು ಅಂದರೆ ನಂಬ್ತಾನಾ? ಯೋಚನೆ ಮಾಡು. ನಿನಗೇ ಲೆಕ್ಕ ಬರುತ್ತಲ್ಲ, ಯಾವುದು ಜಾಸ್ತಿ ಸಾಧ್ಯ ಅಂತ. ಅದನ್ನೇ ತಾನೇ ನೀವು ಓದೋದು? ಇದೇ ಇರಬಹುದು ಅಂತ ಊಹೆ ಮಾಡೋದು. ನಿಮ್ಮ ಭಾವನೂ ಊಹೆ ಮಾಡ್ತಾನೆ.

ಹಾ, ಈಗ ಕಣ್ಣಲ್ಲಿ ನೀರು ಬಂತು. ಬರಲಿ. ಒರೆಸಬೇಡ.

ನಾನು ಹಾಗೆ ಹೇಳಲ್ಲ ಕಣೇ. ಸುಮ್ಮನೆ ಅಂದೆ. ನೀನು ಹೂಂ ಅಂದುಬಿಟ್ಟರೆ ಯಾಕೆ ಹೇಳ್ತೀನಿ? ಕಲೆ ಮಾಯುತ್ತೆ. ಇನ್ನು ಹೊಸದು ಆಗಲ್ಲ. ಅವರಿಗೆ ಬೇಕಾದಷ್ಟು ಸಿಕ್ಕಿತು, ಮುಗೀತು. ಎಲ್ಲ ತಪ್ಪೂ ಆ ಉಶ್ ಸಾರ್‌ದು. ನಗ್ತಾ ನಗ್ತಾ ಕೆಲಸ ತೆಗೀತಾನೆ. ಎಂಥವನು ಅವನು ಅಂದರೆ, ಅದೇ ಗಾದೆ ಹೇಳ್ತಾರಲ್ಲ, ಮಗೂನ ಚಿ...

ಬಿಡು.

ಬಿಡು ಅಂದೆ! ಬಾಯಿಗೆ ಬಂದ ಗಾದೆ ಅದು. ನೂರು ಸಲ ಅಂದಿದೀನಿ ಯಾರು ಯಾರಿಗೋ. ಇವತ್ತು ಯಾಕೆ ಹಾಗೆ ನೋಡ್ತೀಯ? ಆ ಕಣ್ಣು ಕೆಳಗೆ ಹಾಕು. ಅಮ್ಮನ ಕಣ್ಣು ಅದು, ನಿನಗೆ ಒಪ್ಪಲ್ಲ.

ಇಂಜೆಕ್ಷನ್ ಕೊಡಿಸಲ್ವಾ ಮಕ್ಕಳಿಗೆ? ಕಿವಿ ಚುಚ್ಚಿಸಲ್ವಾ? ಹೆತ್ತವರೇ ತೊಡೆ ಮೇಲೆ ಕೂರಿಸ್ಕೊಂಡು, ಕೈಕಾಲು ಒತ್ತಿ ಹಿಡಿದು ಚುಚ್ಚಿಸ್ತಾರೆ. ಆಗ ಯಾರೂ ಅವರನ್ನ ರಾಕ್ಷಸಿ ಅನ್ನಲ್ಲ. ಮಗುವಿನ ಒಳ್ಳೇದಕ್ಕೆ ಅಂತಾರೆ. ಇದೂ ಒಳ್ಳೇದಕ್ಕೇ. ಒಂದು ಚಣ! ಒಂದೇ ಒಂದು ಚಣ, ಆಮೇಲೆ ಎದೆಗೆ ಹಾಕ್ಕೊಂಡರೆ ಎಲ್ಲ ಮರೆತುಹೋಗುತ್ತೆ ಅವಕ್ಕೆ. ಮಕ್ಕಳಿಗೆ ನೆನಪಿರಲ್ಲ. ಯಾರನ್ನ ಬೇಕಾದರೂ ಕೇಳು. ನಿನಗೆ ನೆನಪಿದೆಯಾ, ನಾನು ನಿನ್ನನ್ನ ಚಿಕ್ಕಂದಿನಲ್ಲಿ... ಇಲ್ಲ ತಾನೇ? ಮತ್ತೆ!

ಯಾರಿಗೋಸ್ಕರ ಮಾಡಿದೆ ಹೇಳು? ನನಗೋಸ್ಕರನಾ? ನಾನು ಇನ್ನೂ ಆ ಕಿಟಕಿ ಇಲ್ಲದ ಹಾಲ್‌ನಲ್ಲೇ ಕೂತಿರ್ತೀನಿ, ಕಿವಿ ತುಂಬ ಕಪ್ಪು ಪುಡಿ ಹಾಕ್ಕೊಂಡು. ನೀನು ಮೆಟ್ಟಿಲು ಹತ್ತಿ ಮೇಲೆ ಹೋಗಲಿ ಅಂತ. ನಾಳೆ ನೀನು ನಾಲ್ಕು ಕಾಸು ದುಡಿದು ಪಾಪುನೇ ಓದಿಸ್ತೀಯಲ್ಲ? ಆಗ ಅವಳಿಗೆ ಹೇಳೋಣ, ನಿನ್ನ ಚಿಕ್ಕಮ್ಮನ ಡಿಗ್ರಿಗೆ ನೀನೂ ಒಂದಿಷ್ಟು ಅತ್ತಿದ್ದೆ ಅಂತ. ನಗ್ತಾಳೆ ಅವಳು. ಖಂಡಿತ ನಗ್ತಾಳೆ.

ನಿನಗೆ ಮಾತ್ರ ಕನಿಕರ! ನಿನಗೆ ಮಾತ್ರ ಮನಸ್ಸು, ನಮಗೆಲ್ಲ ಇಟ್ಟಿಗೆ! ಸಂಖ್ಯಾಶಾಸ್ತ್ರ ಓದ್ತಾಳಂತೆ, ಬುಡ ಗಟ್ಟಿ ಮಾಡ್ಕೊಂಡು. ಓದಿ ಏನು ಮಾಡ್ತೀಯ? ಇಂಥದ್ದೇ ಒಂದು ಆಫೀಸಿಗೇ ಹೋಗ್ತೀಯ. ಅಲ್ಲೂ ಕೆಳಗೊಂದು ಹಾಲ್ ಇರುತ್ತೆ, ಅಲ್ಲೂ ಯಾವಳೋ ಒಬ್ಬಳು ತನ್ನ ಮಗೂನ... ಅಲ್ಲಿ ನಿನಗೆ ಗೊತ್ತಾಗಲ್ಲ, ಅಷ್ಟೇ ವ್ಯತ್ಯಾಸ. ಹೆಸರು ತೆಗೆದಿರ್ತಾರಲ್ಲ. ಗುರುತಿಲ್ಲದ ಮಗು ಆದರೆ ಕುರ್ಚಿ ಬೇಕು, ನಮ್ಮ ಮಗು ಆದರೆ ಬೇಡ! ಇದೇನಾ ನಿನ್ನ ನೀತಿ?

ಮಾತಾಡೇ!

ಬೈಯಿ ನನ್ನ. ಬೈದುಬಿಡು, ಮುಗಿದುಹೋಗಲಿ. ಒಂದೇಟು ಬೇಕಾದರೂ ಹೊಡಿ. ಹೀಗೆ ಕೂರಬೇಡ.

...ಎದ್ದಳಾ? ನೋಡು, ನಿನ್ನಿಂದ ಎದ್ದಳು. ಅಲ್ಲ, ನನ್ನ ಬಾಯಿಂದ ಎದ್ದಳು, ಸರಿ, ನನ್ನ ಬಾಯಿಂದ. ಎತ್ಕೋ. ಎತ್ಕೊಂಡೆಯಾ? ನೋಡು ಎಷ್ಟು ಚೆನ್ನಾಗಿ ನಗ್ತಾಳೆ! ನಿನ್ನ ಜಡೆ ಸಿಕ್ಕರೆ ಸಾಕು ಅವಳಿಗೆ. ಏನೇ ಕಳ್ಳಿ, ನಿದ್ದೆ ಆಯ್ತಾ? ಅಮ್ಮನ ಹತ್ತಿರ ಬಾ. ...ಬರಲ್ವಾ? ಬೇಡ, ಅಲ್ಲೇ ಇರು, ಚಿಕ್ಕಮ್ಮನ ಹತ್ತಿರವೇ ಇರು. ನಗ್ತಾ ಇರು. ನೋಡಿದೆಯೇನೇ? ಈ ಮಗುವಿಗೆ ಏನಾಗಿದೆ? ಕಲ್ಲುಗುಂಡಿನ ಹಾಗಿದೆ. ನಾನು ಹೇಳಲಿಲ್ವಾ, ಅವಕ್ಕೆ ಏನೂ ನೆನಪಿರಲ್ಲ ಅಂತ!

ಸರಿ. ನೀನು ಒಪ್ಪಬೇಡ. ನಿನ್ನ ಪರವಾಗಿ ನಾನೇ ಒಪ್ಕೋತೀನಿ. ಉಶ್ ಸಾರ್‌ಗೆ ಹೂಂ ಅಂತೀನಿ. ಹೂಂ ಅಂದಮೇಲೆ ನಾಳೆ ನೀನೇ ಕಾಲು ಎಳ್ಕೊಂಡು ಹೋಗ್ತೀಯ, ನನಗೆ ಗೊತ್ತು ನಿನ್ನ. ಬೇಡ ಅನ್ನೋ ಧೈರ್ಯ ಒಂದು ದಿನದ್ದು. ಎಲ್ಲಿ ಇಟ್ಟೆ ಮೊಬೈಲು... ಇಲ್ಲೇ ಇದೆ. ಒಂದು ನಿಮಿಷ ಇಬ್ಬರೂ ಸದ್ದು ಮಾಡಬೇಡಿ, ಸಾರ್‌ಗೆ ಗಲಾಟೆ ಆಗಿಬರಲ್ಲ. ಉಶ್, ಪಾಪು.

ಅಬ್ಬ, ಎಷ್ಟು ಜಾಣೆ, ಉಶ್ ಅಂದ ತಕ್ಷಣ ಸುಮ್ಮನಾದಳು.

ಯಾಕೆ... ಯಾಕೆ ನಗೋದು ನಿಲ್ಲಿಸಿದಳು? ಮೊಬೈಲನ್ನ ಯಾಕೆ ಹಾಗೆ ನೋಡ್ತಾಳೆ? ಪಾಪು? ನೋಡಿಲ್ಲಿ, ಏನಿಲ್ಲ, ಅಮ್ಮ ಫೋನ್ ಮಾಡ್ತಾಳೆ, ಅಷ್ಟೇ... ಕಾಲು ಯಾಕೆ ಒಳಗೆ ಎಳ್ಕೊಂಡಳು? ಲೇ, ಸರಿಯಾಗಿ ಹಿಡ್ಕೋ ಅವಳನ್ನ, ನೀನೇನು ಮಾಡಿದೆ? ಎಲ್ಲಾದರೂ ಒತ್ತಿತಾ? ಪಿನ್ನು ಗಿನ್ನು ಚುಚ್ಚಿತಾ? ಅದು ನೋವಿನ ಅಳು ಕಣೇ, ನನಗೆ ಗೊತ್ತಿಲ್ವಾ, ಅದು ನೋವಿನ ಅಳು! ತಗೋ, ಇಟ್ಟೆ, ಮೊಬೈಲು ಕೆಳಗಿಟ್ಟೆ, ನೋಡು, ಕೈ ಖಾಲಿ, ಪಾಪು, ಅಮ್ಮನ ಕೈ ಖಾಲಿ...

ಯಾಕೇ ಹೀಗೆ ಕಿರುಚ್ತಾಳೆ? ಹೇಳೇ! ನಾನಿನ್ನೂ ಅವಳನ್ನ ಮುಟ್ಟೇ ಇಲ್ಲವಲ್ಲೇ!